ಚೀಪಿ ನಮ್ಮದು, ಕಕ್ಕ ಅವಳದು

ಊಟ ಮಾಡುತ್ತಾ ಈ ಎಪಿಸೋಡ್ ಹಾಕಿಕೊಂಡಿದ್ದರೆ ಊಟ ಮುಗಿಸಿಕೊಂಡು ಬನ್ನಿ, ಪರವಾಗಿಲ್ಲ. ಇವತ್ತು ಪೂರ್ತಿ ಸುಸು, ಕಕ್ಕದ ಮಾತು. ಮನೆಯಲ್ಲಿ ಪುಟ್ಟ ಮಗು ಇದ್ದರೆ ಮಾತ್ರ ತಿನ್ನುತ್ತಲೇ ಕೇಳಿ. ಆ ಹೇಸಿಗೆ ಎಲ್ಲ ನಿಮಗೆ ಯಾವತ್ತೋ ಬಿಟ್ಟುಹೋಗಿರುತ್ತದೆ.

ನಮ್ಮ ಮಗಳಿಗೆ ಎರಡು ವರ್ಷ ತುಂಬಿ ಸ್ವಲ್ಪ ದಿನ ಆಗಿತ್ತು. ಒಂದು ಶನಿವಾರ ಬೆಳಿಗ್ಗೆ ನಾನು, ನನ್ನ ಹೆಂಡತಿ ಕೂತು ತೀರ್ಮಾನ ಮಾಡಿದೆವು. ಇವತ್ತಿನಿಂದ ಡೈಪರ್ ಬಂದ್. ಪ್ಯಾಸಿಫೈಯರ್, ಅಂದರೆ ಮಗು ಬಾಯಲ್ಲಿಟ್ಟು ಚೀಪುವ ರಬ್ಬರ್ ನಿಪ್ಪಲ್, ಅದೂ ಬಂದ್. ನಮ್ಮ ಮನೆಯಲ್ಲಿ ಅದಕ್ಕೆ ಚೀಪಿ ಅಂತ ಹೆಸರು, ಅವಳೇ ಇಟ್ಟಿದ್ದು. ಎರಡನ್ನೂ ಒಟ್ಟಿಗೆ ಬಿಡಿಸಿದರೆ ಅಳುವುದು ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನುವ ಲೆಕ್ಕಾಚಾರ ನನ್ನದು. ಎಷ್ಟು ಬುದ್ಧಿವಂತ ನೋಡಿ.

"ಚೀಪಿ ಎಲ್ಲಿ?" ಅಂದಳು. ನಾನು ಬಾಯಿಗೆ ಬಂದದ್ದು ಹೇಳಿದೆ: "ಕಾಗೆ ಎತ್ತಿಕೊಂಡು ಹೋಯ್ತು." ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕಿಟಕಿ ಹತ್ತಿರ ಹೋಗಿ ನಿಂತು, ಕಾಗೆ ಕಂಡಾಗಲೆಲ್ಲ ಕೈ ಚಾಚಿ, ಮೆತ್ತಗೆ, ಮರ್ಯಾದೆಯಿಂದ ಕೇಳುತ್ತಿದ್ದಳು. "ಕಾಕಾ, ಚೀಪಿ ಕೊಡು."

ಭಾನುವಾರ ಸಂಜೆ ಹೊತ್ತಿಗೆ ಒದ್ದೆಯಾದ ಚಡ್ಡಿ 11. ಪಾಟಿಯೊಳಗೆ, ಅಂದರೆ ಸುಸು, ಕಕ್ಕಕ್ಕೆ ಮಗುವನ್ನು ಕೂರಿಸುವ ಪುಟ್ಟ ಕುರ್ಚಿಯೊಳಗೆ, ಬಿದ್ದ ಸುಸು ಸೊನ್ನೆ. ರಾತ್ರಿ ಒಂಬತ್ತಕ್ಕೆ ಅವಳೂ ಸುಸ್ತು, ನಾವೂ ಸುಸ್ತು. ಕಾಗೆ ಚೀಪಿಯನ್ನು ವಾಪಸ್ ತಂದುಕೊಟ್ಟಿತು.

ಈಗ ಗಮನಿಸಿ. ಚೀಪಿ ವಿಷಯದಲ್ಲಿ ಎರಡೇ ದಿನಕ್ಕೆ ಸೋತೆವು. ಆದರೆ ಪಾಟಿ ವಿಷಯದಲ್ಲಿ? ಅಲ್ಲಿ ಬಿಡಲಿಲ್ಲ. ಮೂರು ವಾರ ಬೆನ್ನು ಹತ್ತಿದೆವು. ಹತ್ತು ನಿಮಿಷಕ್ಕೊಮ್ಮೆ "ಸುಸು ಬಂತಾ? ಕಕ್ಕ ಬಂತಾ?" ಅಂತ ಕೇಳಿದೆವು. ಎತ್ತಿ ಕೂರಿಸಿದೆವು. ಏಳಬೇಡ ಅಂತ ಭುಜ ಹಿಡಿದುಕೊಂಡೆವು. ನಾನು ಇವತ್ತು ಹೇಳಬೇಕಾದ ಮಾತು ಇದೇ. ನಾವು ಪೂರ್ತಿ ಉಲ್ಟಾ ಮಾಡಿದ್ದೆವು. ಬಿಗಿ ಹಿಡಿಯಬೇಕಾದ ಕಡೆ ಸಡಿಲ ಬಿಟ್ಟೆವು, ಸಡಿಲ ಬಿಡಬೇಕಾದ ಕಡೆ ಬಿಗಿ ಹಿಡಿದೆವು. ಸುತ್ತಮುತ್ತ ನೋಡಿದರೆ ನಾವೊಬ್ಬರೇ ಅಲ್ಲ.

ಮೊದಲು ಚೀಪಿ. ಅದನ್ನು ಮಗುವಿನ ಬಾಯಿಗೆ ಇಟ್ಟವರು ಯಾರು? ನಾವು. ಚೀಪುವ ಆಸೆ ಮಗುವಿನದೇ, ಒಪ್ಪುತ್ತೇನೆ. ಹೊಟ್ಟೆಯಲ್ಲಿರುವಾಗಲೇ ಬೆರಳು ಚೀಪುವ ಮಕ್ಕಳನ್ನು ಸ್ಕ್ಯಾನಿಂಗ್‌ನಲ್ಲಿ ನೋಡಬಹುದು. ಮೊದಲ ವರ್ಷದಲ್ಲಿ ಅದರಿಂದ ಉಪಯೋಗವೂ ಇದೆ. ಎಳೆ ಮಕ್ಕಳು ನಿದ್ದೆಯಲ್ಲೇ ಕಾರಣ ಗೊತ್ತಾಗದೆ ತೀರಿಕೊಳ್ಳುವುದು ಅಂತ ಒಂದು ಇದೆಯಲ್ಲ, ಮಲಗಿಸುವಾಗ ಪ್ಯಾಸಿಫೈಯರ್ ಕೊಟ್ಟರೆ ಅದರ ಅಪಾಯ ಕಡಿಮೆ ಆಗುತ್ತದೆ. ಎದೆಹಾಲು ಕುಡಿಯುವುದು ಸರಿಯಾಗಿ ರೂಢಿಯಾದ ಮೇಲೆ ಕೊಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳುತ್ತದೆ. ಹಾಗಾಗಿ "ಯಾಕಾದರೂ ಕೊಟ್ಟೆವೋ" ಅಂತ ಕೊರಗುವುದು ಬೇಡ.

ಆದರೆ ಆ ಲಾಭಕ್ಕೆ ಒಂದು ವಯಸ್ಸಿದೆ. ಆರು ತಿಂಗಳು ದಾಟಿದ ಮೇಲೆ ಚೀಪುವ ಮಕ್ಕಳಲ್ಲಿ ಕಿವಿಯೊಳಗಿನ ಸೋಂಕು ಜಾಸ್ತಿ. ಎರಡು, ಮೂರು ವರ್ಷ ಆದಮೇಲೂ ಹಗಲು ರಾತ್ರಿ ಬಾಯಲ್ಲೇ ಇದ್ದರೆ ಹಲ್ಲಿನ ಸಾಲು ಬಾಗುತ್ತದೆ. ಬಾಯಿ ಮುಚ್ಚಿದರೂ ಮೇಲಿನ, ಕೆಳಗಿನ ಮುಂದಿನ ಹಲ್ಲು ಒಂದಕ್ಕೊಂದು ತಾಗುವುದಿಲ್ಲ, ನಡುವೆ ಕಿಂಡಿ ಉಳಿಯುತ್ತದೆ. ಬೇಗ ಬಿಡಿಸಿದರೆ ಆ ಕಿಂಡಿ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತದೆ. ತಡವಾದಷ್ಟೂ ಕಷ್ಟ. ಇದೆಲ್ಲ ಎರಡು ವರ್ಷದ ಮಗುವಿಗೆ ಗೊತ್ತಾಗುತ್ತದಾ? ಇಲ್ಲ. ಹಾಗಾದರೆ "ಅವಳಿಗೆ ಮನಸ್ಸು ಬಂದಾಗ ಬಿಡುತ್ತಾಳೆ" ಅಂತ ಕಾಯುವುದರಲ್ಲಿ ಅರ್ಥ ಇಲ್ಲ. ಕೊಟ್ಟವರು ನಾವು, ತೆಗೆಯಬೇಕಾದವರೂ ನಾವೇ. ಹೆಬ್ಬೆರಳು ಚೀಪುವ ಮಕ್ಕಳ ಅಪ್ಪ ಅಮ್ಮಂದಿರನ್ನು ಕೇಳಿ. ಎತ್ತಿಡಬಹುದಾದ ವಸ್ತು ನಮ್ಮ ಕೈಯಲ್ಲಿರುವುದೇ ದೊಡ್ಡ ಪುಣ್ಯ.

ಮತ್ತೆ ಯಾಕೆ ಸೋಲುತ್ತೇವೆ? ಯಾಕೆಂದರೆ ಚೀಪಿ ಬೇಕಾಗಿದ್ದು ನಮಗೆ. ಹುಡುಕಲು ಹೊರಟಾಗ ನಮ್ಮ ಮನೆಯಲ್ಲಿ ಒಟ್ಟು ಆರು ಸಿಕ್ಕವು. ಒಂದು ನನ್ನ ಅಂಗಿ ಜೇಬಿನಲ್ಲಿ! ಮಗು ಜೊತೆಗಿಲ್ಲದಾಗಲೂ ಅದು ಅಲ್ಲೇ ಇರುತ್ತಿತ್ತು. ಫೋನಿನಲ್ಲಿ ಮಾತಾಡಬೇಕಾ, ಚೀಪಿ. ಸಾಲಿನಲ್ಲಿ ನಿಲ್ಲಬೇಕಾ, ಚೀಪಿ. ಅವಳು ಏನೋ ಹೇಳಲು ಬಾಯಿ ತೆರೆದರೆ ಸಾಕು, ಚೀಪಿ. ಅವಳಿಗೆ ರೂಢಿ ಹಿಡಿಸಿದ್ದು ಆ ರಬ್ಬರ್ ತುಂಡಲ್ಲ. ನಾನೇ.

ಎರಡನೇ ಸಲ ನಾವು ಮಾಡಿದ್ದು ಇಷ್ಟೇ. ಮೊದಲು ಎರಡು ವಾರ ಚೀಪಿ ಹಾಸಿಗೆಯಲ್ಲಿ ಮಾತ್ರ. ಬೆಳಿಗ್ಗೆ ಎದ್ದು ಅವಳೇ ಅದನ್ನು ದಿಂಬಿನ ಕೆಳಗೆ ಇಡಬೇಕು. ಆಮೇಲೆ ಮೂರು ದಿನ ಮುಂಚೆಯೇ ಹೇಳಿದೆವು, ಇನ್ನು ಮೂರು ರಾತ್ರಿ, ಇನ್ನು ಎರಡು, ಇನ್ನು ಒಂದು. ಕೊನೆಗೆ ತೆಗೆದೆವು. ಕಾಗೆಯ ಹೆಸರು ಎತ್ತಲಿಲ್ಲ. "ಅಪ್ಪ ಎತ್ತಿಟ್ಟಿದ್ದಾನೆ, ಇನ್ನು ಇಲ್ಲ" ಅಂದೆ. ಸಿಟ್ಟು ಮಾಡಿಕೊಳ್ಳುವುದಾದರೆ ನನ್ನ ಮೇಲೆ ಮಾಡಿಕೊಳ್ಳಲಿ, ಪಾಪ ಕಾಗೆ ಏನು ಮಾಡಿತ್ತು? ಮೊದಲ ರಾತ್ರಿ ಮುಕ್ಕಾಲು ಗಂಟೆ ಅತ್ತಳು. ಬೆನ್ನು ಸವರುತ್ತಾ ಪಕ್ಕದಲ್ಲೇ ಕೂತೆ. ಎರಡನೇ ರಾತ್ರಿ ಅರ್ಧ ಗಂಟೆ. ಐದನೇ ರಾತ್ರಿ ಸುಮ್ನೆ ಒಂದು ಸಲ ಕೇಳಿ ಮಲಗಿದಳು.

ತುದಿ ಕತ್ತರಿಸಿ ಕೊಟ್ಟರೆ ಚೀಪಲು ಸಿಗದೆ ಬಿಡುತ್ತಾರೆ ಅಂತ ಕೆಲವರು ಹೇಳುತ್ತಾರೆ. ಬೇಡ. ಕತ್ತರಿಸಿದ ರಬ್ಬರ್ ಹರಿದು ಚೂರು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಚೀಪಿ ಕಥೆ ಅಷ್ಟೇ. ಕಷ್ಟ ಇರುವುದು ಐದಾರು ದಿನ. ಪಾಟಿ ಹಾಗಲ್ಲ.

ಆ ಮೂರನೇ ವಾರದಲ್ಲಿ ಅವಳು ಕಕ್ಕ ಮಾಡುವುದನ್ನೇ ನಿಲ್ಲಿಸಿದಳು. ಒಂದು ದಿನ, ಎರಡು ದಿನ, ಐದು ದಿನ. ತುದಿಗಾಲಲ್ಲಿ ನಿಲ್ಲುತ್ತಿದ್ದಳು, ಕಾಲಿಗೆ ಕಾಲು ಹೆಣೆಯುತ್ತಿದ್ದಳು, ಮುಖ ಕೆಂಪಾಗುತ್ತಿತ್ತು. ಪಾಪ, ಮಾಡಲು ತಿಣುಕುತ್ತಿದ್ದಾಳೆ ಅಂತ ನಾವು ಅಂದುಕೊಂಡೆವು. ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು, ಅವಳು ತಿಣುಕುತ್ತಿದ್ದದ್ದು ಮಾಡದೇ ಇರಲು.

ಇಲ್ಲಿ ನಮ್ಮ ದೇಹದ ಒಂದು ಸಂಗತಿ ಹೇಳಲೇಬೇಕು. ಗುದದ್ವಾರದಲ್ಲಿ ಬಳೆಯಂಥ ಎರಡು ಸ್ನಾಯು ಇವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ಅದು ತನ್ನಷ್ಟಕ್ಕೆ ಸಡಿಲವಾಗುತ್ತದೆ. ಹೊರಗಿನದು ನಮ್ಮ ಹಿಡಿತದಲ್ಲಿದೆ. ಮಗು ಕಲಿಯುವುದು ಈ ಹೊರಗಿನ ಬಳೆಯ ಕೆಲಸ. ನಾವೆಲ್ಲ ಬಿಗಿ ಹಿಡಿಯುವುದನ್ನೇ ಕಲಿಕೆ ಅಂದುಕೊಳ್ಳುತ್ತೇವೆ. ಅದಕ್ಕಿಂತ ಕಷ್ಟದ ಪಾಠ, ಬೇಕೆಂದಾಗ ಸಡಿಲ ಬಿಡುವುದು. ಪಕ್ಕದಲ್ಲಿ ಒಬ್ಬ ಗಡಿಯಾರ ನೋಡುತ್ತಾ "ಬಂತಾ, ಬಂತಾ" ಅಂತ ನಿಂತಿದ್ದರೆ ನಿಮಗೆ ಸಡಿಲ ಬಿಡಲು ಆಗುತ್ತದಾ? ನನಗಂತೂ ಆಗುವುದಿಲ್ಲ.

ಬಿಗಿ ಹಿಡಿದರೆ ಏನಾಗುತ್ತದೆ? ಒಳಗೇ ಉಳಿದ ಮಲದಿಂದ ಕರುಳು ನೀರು ಹೀರಿಕೊಳ್ಳುತ್ತಲೇ ಇರುತ್ತದೆ. ಮಲ ಗಟ್ಟಿಯಾಗುತ್ತದೆ. ಮಾಡುವಾಗ ನೋಯುತ್ತದೆ. ಒಂದು ಸಲ ನೊಂದರೆ ಮಗು ಮುಂದಿನ ಸಲ ಇನ್ನೂ ಬಿಗಿ ಹಿಡಿಯುತ್ತದೆ. ತುಂಬಾ ದಿನ ಹೀಗೇ ಆದರೆ ಕರುಳಿನ ತುದಿ ಹಿಗ್ಗಿ, ತುಂಬಿದೆ ಅನ್ನುವ ಸೂಚನೆಯೇ ಮಂಕಾಗುತ್ತದೆ. ಆಗ ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿನದು ಸೋರಿ ಚಡ್ಡಿಗೆ ಹತ್ತುತ್ತದೆ. ನಾವು ಅದನ್ನು ಭೇದಿ ಅಂದುಕೊಳ್ಳುತ್ತೇವೆ. ಇಲ್ಲವೇ ಬೇಕೆಂದೇ ಮಾಡಿಕೊಂಡಳು ಅಂತ ಬೈಯುತ್ತೇವೆ.

ಡಾಕ್ಟರ್ ಮಲ ಮೆತ್ತಗಾಗಲು ಔಷಧ ಕೊಟ್ಟರು. ಡೈಪರ್ ವಾಪಸ್ ಹಾಕಿ ಅಂದರು. "ಈಗ ಪಾಟಿಯ ಸುದ್ದಿಯೇ ಬೇಡ. ಹೊಟ್ಟೆ ಸರಿಯಾಗಲಿ, ಹೆದರಿಕೆ ಹೋಗಲಿ." ನನಗೆ ಅವಮಾನ ಆಯಿತು, ಸುಳ್ಳು ಯಾಕೆ ಹೇಳಲಿ. ಮೂರು ವಾರದ ಶ್ರಮ ನೀರುಪಾಲು ಅನ್ನಿಸಿತು. ಆದರೆ ಶ್ರಮ ಯಾರದ್ದಾಗಿತ್ತು?

ಯೋಚನೆ ಮಾಡಿ. ಎರಡು ವರ್ಷದ ಮಗುವಿಗೆ ಯಾವುದರ ಮೇಲೆ ಅಧಿಕಾರ ಇದೆ? ಯಾವ ಅಂಗಿ ಹಾಕಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲ ನಾವೇ ಹೇಳುತ್ತೇವೆ. ಮೂರೇ ಮೂರು ವಿಷಯ ನಮ್ಮ ಕೈಗೆ ಸಿಗುವುದಿಲ್ಲ. ನುಂಗಿಸಲು ಆಗುವುದಿಲ್ಲ, ನಿದ್ದೆ ಬರಿಸಲು ಆಗುವುದಿಲ್ಲ, ಕಕ್ಕ ಮಾಡಿಸಲು ಆಗುವುದಿಲ್ಲ. ಅಲ್ಲಿ ಜಗಳಕ್ಕೆ ನಿಂತರೆ ಸೋಲುವವರು ನಾವೇ.

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. 1962ರಲ್ಲೇ ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ ತಾವು ನೋಡಿದ 1,170 ಮಕ್ಕಳ ಲೆಕ್ಕ ಬರೆದರು. ಮಗು ತಯಾರಾಗುವವರೆಗೆ ಕಾಯಿರಿ, ಬೇಡ ಅಂದರೆ ನಿಲ್ಲಿಸಿ ಅಂತ ಅವರು ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದರು. ಆ ಮಕ್ಕಳು ಹಗಲಿನಲ್ಲಿ ಒಣಗಿರಲು ಕಲಿತದ್ದು ಸರಾಸರಿ 28.5 ತಿಂಗಳಿಗೆ. ಅಂದರೆ ಎರಡು ವರ್ಷ ನಾಲ್ಕೂವರೆ ತಿಂಗಳು. ಅದೂ ಸರಾಸರಿ ಮಾತ್ರ, ಅದಕ್ಕಿಂತ ತಡವಾಗಿ ಕಲಿತವರೂ ಎಷ್ಟೋ ಮಂದಿ.

"ನಿನಗೆ ಒಂದು ವರ್ಷಕ್ಕೇ ಬಂದಿತ್ತು" ಅಂತ ನನ್ನ ಅಮ್ಮ ಹೇಳುತ್ತಾರೆ. ಇರಬಹುದು. ಜಗತ್ತಿನ ಎಷ್ಟೋ ಕಡೆ ಎಳೆ ಮಗುವಿನ ಮುಖ ನೋಡಿಯೇ ಗುರುತು ಹಿಡಿದು ಎತ್ತಿಕೊಂಡು ಹೋಗುವ ದೊಡ್ಡವರಿದ್ದಾರೆ. ಅದೂ ಒಂದು ದಾರಿ, ತಪ್ಪೇನಿಲ್ಲ. ಆದರೆ ಅಮ್ಮಾ, ಅಲ್ಲಿ ಕಲಿತಿದ್ದು ನಾನಲ್ಲ, ನೀವು.

ತಯಾರಾದದ್ದು ಹೇಗೆ ಗೊತ್ತಾಗುತ್ತದೆ ಅಂತ ಕೇಳಿದರೆ, ಒಂದೇ ಗುರುತು ಅಂತ ಇಲ್ಲ. ಎರಡು ಗಂಟೆ ಡೈಪರ್ ಒಣಗಿರುವುದು, ಚಡ್ಡಿ ತಾನೇ ಕೆಳಗೆ ಎಳೆದುಕೊಳ್ಳುವುದು, ಒದ್ದೆಯಾದರೆ ಕಿರಿಕಿರಿ ಆಗುವುದು. ನನಗೆ ಇಷ್ಟವಾದ ಗುರುತು ಪರದೆ. ಹೊಟ್ಟೆ ಸರಿಹೋದ ಮೇಲೆ ನಮ್ಮವಳು ಕಕ್ಕ ಮಾಡಲು ಪರದೆ ಹಿಂದೆ ಹೋಗಿ ನಿಲ್ಲತೊಡಗಿದಳು. ಡೈಪರಿನಲ್ಲೇ ಮಾಡುತ್ತಿದ್ದಳು, ಸರಿ. ಆದರೆ ಬರುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತಲ್ಲ. ಮರೆ ಬೇಕು ಅಂತಲೂ ಅನ್ನಿಸುತ್ತಿತ್ತಲ್ಲ. ನಾವು ಏನೂ ಮಾತಾಡದೆ ಪಾಟಿಯನ್ನು ಪರದೆ ಹಿಂದೆ ಇಟ್ಟೆವು. ಎಂಟು ಹತ್ತು ದಿನ ಅದು ಗೊಂಬೆಯ ಕುರ್ಚಿ ಆಗಿತ್ತು.

ಒಂದು ಸಣ್ಣ ಮಾತು, ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ದೊಡ್ಡವರ ಕಮೋಡಿನ ಮೇಲೆ ಕೂರಿಸುವುದಾದರೆ ಕಾಲ ಕೆಳಗೆ ಒಂದು ಸ್ಟೂಲ್ ಇಡಿ. ಕಾಲು ಗಾಳಿಯಲ್ಲಿ ನೇತಾಡುತ್ತಿದ್ದರೆ ಕೆಳಗಿನ ಸ್ನಾಯು ಸಡಿಲವಾಗುವುದಿಲ್ಲ. ಮಂಡಿ ಸ್ವಲ್ಪ ಮೇಲೆ ಬಂದರೆ ದಾರಿ ನೇರವಾಗುತ್ತದೆ. ಊಟ ಆಗಿ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಕರುಳು ತಾನೇ ಚುರುಕಾಗುತ್ತದೆ, ಕೂರಿಸಿ ನೋಡಲು ಅದೇ ಒಳ್ಳೆಯ ಹೊತ್ತು. ಐದು ನಿಮಿಷ ಸಾಕು.

ಇನ್ನು ಚಪ್ಪಾಳೆ. ಪಾಟಿಯಲ್ಲಿ ನಾಲ್ಕು ಹನಿ ಬಿದ್ದರೆ ಮನೆಮಂದಿಯೆಲ್ಲ ಸೇರಿ ಚಪ್ಪಾಳೆ ಹೊಡೆಯುವುದು, ವಿಡಿಯೋ ಮಾಡುವುದು. ನಾವೂ ಮಾಡಿದ್ದೇವೆ. ಈಗ ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ಚಪ್ಪಾಳೆಯಿಂದ ತೊಂದರೆ ಇಲ್ಲ, ತೊಂದರೆ ಇರುವುದು ಏನೂ ಬೀಳದ ದಿನದ ಮೌನದಲ್ಲಿ. ಮಕ್ಕಳು ಅದನ್ನು ಚೆನ್ನಾಗಿ ಓದುತ್ತಾರೆ. "ಓ, ಬಂತಾ, ಸರಿ" ಅಂದರೆ ಸಾಕು. ಚಡ್ಡಿಯಲ್ಲಿ ಆದಾಗಲೂ ಅದೇ ದನಿ, "ಓ, ಆಯ್ತಾ, ಬಾ ಬದಲಾಯಿಸೋಣ." ಇದು ಹೇಳುವಷ್ಟು ಸುಲಭ ಅಲ್ಲ, ಅದರಲ್ಲೂ ಈಗಷ್ಟೇ ಒರೆಸಿದ ನೆಲದ ಮೇಲೆ ನಿಂತುಕೊಂಡು.

ರಾತ್ರಿಯದ್ದು ಬೇರೆಯೇ ಲೆಕ್ಕ, ಅದನ್ನು ಇದರ ಜೊತೆ ಕಲಸಬೇಡಿ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನ್ ಒಂದಿದೆ, ಮೂತ್ರಕೋಶವೂ ಬೆಳೆಯಬೇಕು, ತುಂಬಿದರೆ ಎಚ್ಚರವೂ ಆಗಬೇಕು. ಕಲಿಸಿದರೆ ಬರುವಂಥದ್ದಲ್ಲ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. ಬೈದರೆ ಆ ಹಾರ್ಮೋನ್ ಜಾಸ್ತಿ ಆಗುವುದಿಲ್ಲ.

ನೀವು ಕೇಳಬಹುದು, ಕಾಯುವುದು ಚೆನ್ನಾಗಿದೆ, ಆದರೆ ಪ್ಲೇಸ್ಕೂಲಿನವರು ಡೈಪರ್ ಬಿಟ್ಟ ಮಕ್ಕಳನ್ನೇ ಸೇರಿಸಿಕೊಳ್ಳುತ್ತೇವೆ ಅನ್ನುತ್ತಾರಲ್ಲ, ಏನು ಮಾಡಲಿ? ನಮಗೂ ಹಾಗೇ ಹೇಳಿದ್ದರು. ಆ ಅವಸರ ಅಲ್ಲಿಂದಲೇ ಹುಟ್ಟಿದ್ದು. ಎರಡೂವರೆ ವರ್ಷದ ಮಗುವಿನ ಸ್ನಾಯುವಿಗೆ ಅಡ್ಮಿಷನ್ ತಾರೀಖು ಕೊಡುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಕೆಲಸಕ್ಕೆ ಹೋಗಲೇಬೇಕಾದ ಅಪ್ಪ ಅಮ್ಮನಿಗೆ ಈ ಅಭಿಪ್ರಾಯದಿಂದ ಏನೂ ಗಿಟ್ಟುವುದಿಲ್ಲ, ಅದೂ ಗೊತ್ತು. ಒಂದೇ ಹೇಳಬಲ್ಲೆ. ಆ ಒತ್ತಡ ಶಾಲೆಯವರ ಮತ್ತು ನಿಮ್ಮ ನಡುವೆ ಇರಲಿ, ಪಾಟಿಯವರೆಗೆ ಬರುವುದು ಬೇಡ. ನಮ್ಮವಳು ಮೂರು ತಿಂಗಳು ತಡವಾಗಿ ಬೇರೆ ಕಡೆ ಸೇರಿದಳು.

ಪರದೆ ಹಿಂದಿನ ಪಾಟಿಯಲ್ಲಿ ಮೊದಲ ಸಲ ಕಕ್ಕ ಬಿದ್ದ ದಿನ ನಾವು ಯಾರೂ ಪಕ್ಕದಲ್ಲಿರಲಿಲ್ಲ. ಗೊಂಬೆಯನ್ನು ನೆಲದ ಮೇಲೆ ಇಟ್ಟು, ತಾನೇ ಕೂತು, ಮುಗಿಸಿ ಬಂದು ನನ್ನ ಅಂಗಿ ಎಳೆದಳು. ಈಗ ಅವಳಿಗೆ ಮೂರು ದಾಟಿದೆ. ಬಾತ್‌ರೂಮಿಗೆ ಒಬ್ಬಳೇ ಹೋಗುತ್ತಾಳೆ. ಸ್ಟೂಲ್ ತಾನೇ ಎಳೆದುಕೊಳ್ಳುತ್ತಾಳೆ. "ಅಪ್ಪಾ, ಆಚೆ ಹೋಗು. ಬಾಗಿಲು ಹಾಕು." ನಾನು ಬಾಗಿಲ ಹೊರಗೆ ನಿಂತಿರುತ್ತೇನೆ. ಮೊನ್ನೆ ತುಂಬಾ ಹೊತ್ತಾಯಿತು, ತಡೆಯಲಾಗದೆ ಕೇಳಿಬಿಟ್ಟೆ.

"ಬಂತಾ?"

ಒಳಗಿಂದ ದನಿ: "ಕೇಳಬೇಡ."