ವಿದ್ಯುತ್ ಆವಿಗೆಗೆ ಶಾಖದ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಹಸಿ ಗಡಿಗೆ ವಾರವಾದರೂ ಒಣಗುವುದಿಲ್ಲ. ಕೈಗೆ ಒಣಗಿದ ಹಾಗೇ ಇರುತ್ತದೆ. ಕೆನ್ನೆಗೆ ಒತ್ತಿ ಹಿಡಿದು ನೋಡಿ, ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ಕಟ್ಟಿಗೆಯ ಆವಿಗೆಯಲ್ಲಿ ಕುಂಬಾರರು ಮೊದಲು ಸಣ್ಣ ಉರಿ ಹಾಕಿ ಆ ನೀರನ್ನು ಮೆಲ್ಲಗೆ ಹೊರಗೆ ಕಳಿಸುತ್ತಾರೆ. ವಿದ್ಯುತ್ ಆವಿಗೆಯಲ್ಲಿ ಅದೇ ಹದವನ್ನು, ಶಾಖ ಏರಿಸಿ ನಿಲ್ಲಿಸುವ ಪೆಟ್ಟಿಗೆಯಾದ ಕಂಟ್ರೋಲರ್‌ಗೆ ಅಂಕಿಯಲ್ಲಿ ಹೇಳಬೇಕು.

ಪ್ರೋಗ್ರಾಂ ಬರೆಯುವ ಮುಂಚೆ ಒಂದು ಮಾತು. ಕಂಟ್ರೋಲರ್‌ಗೆ ಬೆಂಕಿ ಕಾಣುವುದಿಲ್ಲ, ಥರ್ಮೋಕಪಲ್, ಅಂದರೆ ಆವಿಗೆಯೊಳಗಿನ ಶಾಖ ಅಳೆಯುವ ಸೆನ್ಸರ್, ಕಳಿಸುವ ಮಿಲಿವೋಲ್ಟ್ ಮಾತ್ರ ಕಾಣುತ್ತದೆ. ಕೆ ಮಾದರಿಯ ಥರ್ಮೋಕಪಲ್ 1000 ಡಿಗ್ರಿಯಲ್ಲಿ ಸುಮಾರು 41 ಮಿಲಿವೋಲ್ಟ್ ಕೊಟ್ಟರೆ, ಪ್ಲಾಟಿನಂ ಇರುವ ಎಸ್ ಮಾದರಿಯದು 10ಕ್ಕಿಂತ ಕಡಿಮೆ. ಆವಿಗೆಯಲ್ಲಿ ಎಸ್ ಕೂತಿದ್ದು ಸೆಟ್ಟಿಂಗ್‌ನಲ್ಲಿ ಕೆ ಎಂದಿದ್ದರೆ, ಒಳಗೆ 1000 ಡಿಗ್ರಿ ಆದಾಗ ಪರದೆಯ ಮೇಲೆ 260ರ ಆಸುಪಾಸು ಕಾಣುತ್ತದೆ. ಕಂಟ್ರೋಲರ್ ಇನ್ನೂ ಕಾಯಲಿ ಎಂದು ಕರೆಂಟ್ ಕೊಡುತ್ತಲೇ ಹೋಗುತ್ತದೆ, ನಮ್ಮ ಕೆಮ್ಮಣ್ಣಿನ ಹರವಿಗಳು ಶೆಲ್ಫಿನ ಮೇಲೆ ಕುಸಿದು ಅಂಟಿಕೊಳ್ಳುತ್ತವೆ. ಹೊಸ ಸೆನ್ಸರ್ ಹಾಕಿದ ದಿನ ಮಾದರಿಯನ್ನು ಮೊದಲು ತಾಳೆ ನೋಡಿ. ಹಾಗೆಯೇ ಸೆಲ್ಸಿಯಸ್ ಇದೆಯೋ ಫ್ಯಾರನ್‌ಹೀಟ್ ಇದೆಯೋ ನೋಡಿ. 980 ಫ್ಯಾರನ್‌ಹೀಟ್ ಎಂದರೆ ಬರೀ 527 ಸೆಲ್ಸಿಯಸ್, ಗಡಿಗೆ ಬೆಂದಿರುವುದಿಲ್ಲ.

ಸೆನ್ಸರ್‌ನಿಂದ ಪೆಟ್ಟಿಗೆಯವರೆಗೆ ಅದೇ ಮಾದರಿಯ ಥರ್ಮೋಕಪಲ್‌ಗೆಂದೇ ಮಾಡಿದ ಕಾಂಪೆನ್ಸೇಟಿಂಗ್ ಕೇಬಲ್ಲೇ ಬೇಕು. ಮನೆ ವೈರಿಂಗ್‌ನ ತಾಮ್ರದ ತಂತಿ ಜೋಡಿಸಿದರೆ ಏನಾಗುತ್ತದೆ? ಆವಿಗೆಯ ಹೊರಗಿನ ಟರ್ಮಿನಲ್ 70 ಡಿಗ್ರಿ ಕಾದು, ಕಂಟ್ರೋಲರ್ 30 ಡಿಗ್ರಿಯಲ್ಲಿದ್ದರೆ, ಆ 40 ಡಿಗ್ರಿ ಲೆಕ್ಕದಿಂದ ಬಿದ್ದುಹೋಗುತ್ತದೆ. ಪರದೆಯಲ್ಲಿ 980 ಇದ್ದಾಗ ಒಳಗೆ 1020 ಇರುತ್ತದೆ. ಪ್ಲಸ್ ಮೈನಸ್ ಅದಲುಬದಲಾದರೆ ಆವಿಗೆ ಕಾದಂತೆಲ್ಲ ಅಂಕಿ ಇಳಿಯುತ್ತ ಹೋಗುತ್ತದೆ; ಇದು ತಟ್ಟನೆ ಗೊತ್ತಾಗುವ ತಪ್ಪು.

ಈಗ ಪ್ರೋಗ್ರಾಂ. ಪ್ರತಿ ಹಂತಕ್ಕೆ ಮೂರು ಅಂಕಿ: ಗಂಟೆಗೆ ಎಷ್ಟು ಡಿಗ್ರಿ ಏರಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು. ಕೆಮ್ಮಣ್ಣಿನ ದಪ್ಪ ಗಡಿಗೆಗೆ ಹೀಗೆ ಕೊಡಿ. ಗಂಟೆಗೆ 60ರಂತೆ 95ಕ್ಕೆ, ಅಲ್ಲಿ 2 ತಾಸು ನಿಲುಗಡೆ. ಆಮೇಲೆ ಗಂಟೆಗೆ 80ರಂತೆ 600ಕ್ಕೆ, ನಿಲುಗಡೆ ಬೇಡ. ಕೊನೆಗೆ ಗಂಟೆಗೆ 120ರಂತೆ 980ಕ್ಕೆ, 15 ನಿಮಿಷ ನಿಲುಗಡೆ. ಎಲ್ಲ ಸೇರಿ ಸುಮಾರು 12 ಮುಕ್ಕಾಲು ತಾಸು.

95ರ ನಿಲುಗಡೆಯಲ್ಲಿ ಜಿಪುಣತನ ಬೇಡ. ಗೋಡೆಯೊಳಗೆ ನೀರಿದ್ದಾಗ ಶಾಖ 100 ದಾಟಿದರೆ ಅದು ಆವಿಯಾಗಿ ಹಿಗ್ಗುತ್ತದೆ, ಗಡಿಗೆಯ ತಳ ಢಬ್ ಎಂದು ಸಿಡಿಯುತ್ತದೆ, ಚೂರುಗಳು ಪಕ್ಕದವನ್ನೂ ಒಡೆಯುತ್ತವೆ. ಮೇಲಿನ ಕಿಂಡಿ ತೆರೆದಿಟ್ಟು, ಅದರ ಮುಂದೆ ತಣ್ಣನೆಯ ಕನ್ನಡಿ ಚೂರು ಹಿಡಿಯಿರಿ. ಮಂಜು ಕೂತರೆ ನೀರು ಇನ್ನೂ ಹೊರಡುತ್ತಿದೆ, ನಿಲುಗಡೆ ಇನ್ನೊಂದು ತಾಸು ಬೆಳೆಸಿ. ಕನ್ನಡಿ ಸ್ವಚ್ಛ ಉಳಿದರೆ ಮುಂದೆ ಬಿಡಿ. ಆಮೇಲೆ ಸುಮಾರು 450ರಿಂದ 600ರ ನಡುವೆ ಜೇಡಿಯೊಳಗೇ ಬೆಸೆದುಕೊಂಡ ನೀರು ಬಿಡುತ್ತದೆ, 573ರಲ್ಲಿ ಮರಳಿನ ಹರಳು ತಟ್ಟನೆ ಹಿಗ್ಗುತ್ತದೆ. ಅದಕ್ಕೇ 600ರವರೆಗೆ ಅವಸರ ಬೇಡ ಎಂದದ್ದು. ಕಿಂಡಿಯನ್ನೂ ಅಲ್ಲಿಯವರೆಗೆ ಮುಚ್ಚಬೇಡಿ.

ಸಮಯದ ಘಟಕವನ್ನು ಎರಡು ಸಲ ನೋಡಿ. ಕೆಲವು ಕಂಟ್ರೋಲರ್‌ಗಳಲ್ಲಿ 2.00 ಎಂದರೆ 2 ತಾಸು, ಕೆಲವುಗಳಲ್ಲಿ 2 ನಿಮಿಷ. ಇನ್ನು ಕೆಲವು ವೇಗ ಕೇಳುವುದಿಲ್ಲ, ಏರುವ ಅವಧಿಯನ್ನೇ ಕೇಳುತ್ತವೆ. 95ರಿಂದ 600ಕ್ಕೆ 505 ಡಿಗ್ರಿ. 80ರಿಂದ ಭಾಗಿಸಿದರೆ 6 ತಾಸು 19 ನಿಮಿಷ. ಆ ಅಂಕಿ ಕೊಡಿ.

ಇನ್ನು ಕರೆಂಟ್. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 230ರಿಂದ 200ಕ್ಕೆ ಬಿದ್ದರೆ, 6 ಕಿಲೋವಾಟ್ ಆವಿಗೆ ನಾಲ್ಕೂವರೆ ಕಿಲೋವಾಟ್ ಮಾತ್ರ ಕೊಡುತ್ತದೆ, ಯಾಕೆಂದರೆ ಶಾಖ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ಪ್ರೋಗ್ರಾಂ ಮುಂದೆ ಓಡುತ್ತದೆ, ಆವಿಗೆ ಹಿಂದೆ ಉಳಿಯುತ್ತದೆ. 15 ನಿಮಿಷದ ನಿಲುಗಡೆ ಮುಗಿದಾಗ ಒಳಗೆ 910 ಇದ್ದರೂ ಇರಬಹುದು. ಇದಕ್ಕೆ ಮದ್ದು ಹೋಲ್ಡ್‌ಬ್ಯಾಕ್ ಎಂಬ ಸೆಟ್ಟಿಂಗ್. ಅದಕ್ಕೆ 15 ಡಿಗ್ರಿ ಕೊಡಿ. ಆವಿಗೆ ಅಷ್ಟಕ್ಕಿಂತ ಹಿಂದೆ ಬಿದ್ದರೆ ಗಡಿಯಾರ ನಿಂತು ಕಾಯುತ್ತದೆ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕೆಂಬ ಸೆಟ್ಟಿಂಗ್‌ನಲ್ಲಿ, ಆ ಹೊತ್ತಿನ ಶಾಖದಿಂದಲೇ ಮುಂದುವರಿ ಎನ್ನುವುದನ್ನು ಆರಿಸಿ. ಮೊದಲಿನಿಂದ ಶುರುಮಾಡು ಎಂದಿದ್ದರೆ 700 ಡಿಗ್ರಿಯಲ್ಲಿದ್ದ ಆವಿಗೆ ಸುಮ್ಮನೆ ತಣ್ಣಗಾಗುತ್ತ ಕೂರುತ್ತದೆ.

ಆವಿಗೆಗೆ ಕರೆಂಟ್ ಬಿಟ್ಟು ನಿಲ್ಲಿಸುವ ಸ್ವಿಚ್ ಎರಡು ಬಗೆ: ತುದಿಗಳು ಬಡಿದು ಕೂಡುವ ಕಾಂಟ್ಯಾಕ್ಟರ್, ಅಲುಗುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇ. ಕಾಂಟ್ಯಾಕ್ಟರ್ ಇದ್ದರೆ ಸೈಕಲ್ ಟೈಮ್, ಅಂದರೆ ಒಂದು ಸಲ ಆನ್ ಆಫ್ ಆಗುವ ಅವಧಿ, 20 ಸೆಕೆಂಡ್ ಇಡಿ, ಸಾಲಿಡ್ ಸ್ಟೇಟ್ ರಿಲೇಗೆ 2 ಸಾಕು. ಕಾಂಟ್ಯಾಕ್ಟರ್‌ಗೆ 2 ಕೊಟ್ಟರೆ ಟಕಟಕ ಬಡಿದು ಬಡಿದು ಅದರ ತುದಿಗಳು ಬೆಸೆದುಕೊಳ್ಳುತ್ತವೆ. ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೂ ಸಾಮಾನ್ಯವಾಗಿ ಆನ್ ಆಗಿಯೇ ಕೆಡುತ್ತದೆ. ಆಗ ಔಟ್‌ಪುಟ್ ದೀಪ ಆರಿದ್ದರೂ ಶಾಖ ಏರುತ್ತಿರುತ್ತದೆ. ಕಂಡ ಕೂಡಲೇ ಮೇನ್ ಇಳಿಸಿ. ಆದ್ದರಿಂದ ಸ್ವಂತ ಸೆನ್ಸರ್ ಇರುವ ಇನ್ನೊಂದು ಲಿಮಿಟ್ ಕಂಟ್ರೋಲರ್ ಕೂಡಿಸಿ, ಅದು 1020ಕ್ಕೆ ಬೇರೆಯದೇ ಕಾಂಟ್ಯಾಕ್ಟರ್ ಬೀಳಿಸಿ ಕರೆಂಟ್ ಕಡಿಯಲಿ. ಒಂದೇ ಸೆನ್ಸರ್ ಇದ್ದು ಅದು ಜಾರಿ ಹೊರಬಂದರೆ ಕಾವಲೂ ಕುರುಡಾಗುತ್ತದೆ. ಸೆನ್ಸರ್ ತುದಿ ಒಳಗೆ 3ರಿಂದ 5 ಸೆಂಟಿಮೀಟರ್ ಚಾಚಿರಬೇಕು, ಗಡಿಗೆಗೂ ಶೆಲ್ಫಿಗೂ ತಾಗಬಾರದು.

ಪ್ರೋಗ್ರಾಂನಿಂದ ಸರಿಹೋಗದ ದೋಷವೂ ಒಂದಿದೆ. ಎರೆಸೀಮೆಯ ಕೆರೆಮಣ್ಣಿನಲ್ಲಿ ಸುಣ್ಣದ ಹರಳು ಇರುವುದುಂಟು. ಅದು ಆವಿಗೆಯಲ್ಲಿ ಸುಟ್ಟ ಸುಣ್ಣವಾಗಿ, ವಾರದ ಮೇಲೆ ಗಾಳಿಯ ತೇವ ಹೀರಿ ಉಬ್ಬಿ, ಗಡಿಗೆಯ ಮೈಮೇಲಿನ ಚಕ್ಕೆ ಹಾರಿಸುತ್ತದೆ. ಮಣ್ಣನ್ನು ನೀರಲ್ಲಿ ಕದಡಿ 80 ಮೆಶ್, ಅಂದರೆ ಇಂಚಿಗೆ 80 ಕಣ್ಣಿನ, ಜರಡಿಯಲ್ಲಿ ಸೋಸಿಯೇ ಕಲಸಿ.

ಪ್ರೋಗ್ರಾಂ ಮುಗಿದ ಮೇಲೆ ಆವಿಗೆ ತಾನಾಗಿ ಆರಲಿ. ಇಳಿಯುವಾಗಲೂ 573 ಬರುತ್ತದೆ, ಅಲ್ಲಿ ತಣ್ಣನೆಯ ಗಾಳಿ ಹೊಕ್ಕರೆ ಹರವಿಯ ಕಂಠದಿಂದ ಹೊಟ್ಟೆಯವರೆಗೆ ಕೂದಲೆಳೆಯ ಬಿರುಕು ಬಿಡುತ್ತದೆ. ಪರದೆಯಲ್ಲಿ 100ಕ್ಕಿಂತ ಕೆಳಗಿನ ಅಂಕಿ ಕಂಡ ಮೇಲೆ, ಮೇನ್ ಇಳಿಸಿ, ಮುಚ್ಚಳ ಎತ್ತಿ. ನಮಸ್ಕಾರ.