ಸಕ್ಕರೆ ಡಬ್ಬಿಯಲ್ಲಿ ಒಂದು ಹಣತೆ

ಕೇಳುಗರಿಗೆ ನಮಸ್ಕಾರ.

ಮುಂಬೈಯ ಮಳೆಗಾಲದಲ್ಲಿ ಸಂಸಾರ ಮಾಡಿದವರಿಗೆ ತೇವವೆಂದರೆ ಹಗೆ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ, ಹಪ್ಪಳಕ್ಕೆ ಎರಡೆರಡು ಚೀಲ. ಮಾತ್ರೆಯ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನೂ ನಾನು ಎಸೆಯುವವಳಲ್ಲ. ಮೊಮ್ಮಗಳು ಕೇಕಿಗೆಂದು ತಂದ ಬ್ರೌನ್ ಶುಗರಿಗೂ ಅದೇ ಉಪಚಾರ ಮಾಡಿದೆ. ಗಾಬರಿ ಬೇಡ, ಪತ್ರಿಕೆಯ ಅಪರಾಧ ಪುಟದ ಬ್ರೌನ್ ಶುಗರ್ ಅಲ್ಲ, ಅಡುಗೆಮನೆಯ ಕಂದು ಸಕ್ಕರೆ! ತಿಂಗಳ ಮೇಲೆ ತೆರೆದರೆ ಡಬ್ಬಿ ತುಂಬ ಒಂದೇ ಹೆಂಟೆ. ಕುಟ್ಟಾಣಿಗೂ ಜಗ್ಗಲಿಲ್ಲ.

ಪುಣೆಯ ನಾದಿನಿಗೆ ಫೋನಿನಲ್ಲಿ ಹೇಳಿಕೊಂಡೆ. "ಅತ್ತಿಗೆ, ಅದರ ಜೀವಜಲವನ್ನೇ ಹೀರಿಸಿಬಿಟ್ಟಿರಲ್ಲ!" ಎಂದು ನಕ್ಕಳು. ಅಲ್ಲಿಯ ಬೇಸಿಗೆಯ ಒಣಹವೆ ಅವಳಿಗೆ ಈ ಪಾಠವನ್ನು ಮೊದಲೇ ಕಲಿಸಿತ್ತು.

ಈ ಸಕ್ಕರೆಯ ಹರಳುಗಳ ಮೈಗೆ ಕಾಕಂಬಿಯ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದ, ತೆಳು ಲೇಪವಿರುತ್ತದೆ. ತಿಳಿ ಬಣ್ಣದ್ದರಲ್ಲಿ ಸುಮಾರು ಶೇಕಡಾ 3.5, ಗಾಢ ಬಣ್ಣದ್ದರಲ್ಲಿ 6.5ರಷ್ಟು ಕಾಕಂಬಿ. ಆ ಲೇಪದ ತೇವವೇ ಸಕ್ಕರೆಯನ್ನು ಮೆತ್ತಗೆ ಇಡುವುದು. ತೇವ ಆರಿದರೆ ಲೇಪವೇ ಅಂಟಾಗಿ ಹರಳುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಗಟ್ಟಿಯಾದದ್ದು ಕೆಟ್ಟದ್ದಲ್ಲ, ಎಸೆಯಬೇಡಿ.

ನಾದಿನಿ ಹೇಳಿದ ಮದ್ದು ಹಣತೆ. ಬಣ್ಣ ಬಳಿಯದ, ಎಣ್ಣೆ ಕಾಣದ ಹೊಸ ಮಣ್ಣಿನ ಹಣತೆ. ಧಾರಾವಿಯ ಕುಂಭಾರವಾಡದಲ್ಲಿ ರಾಶಿ ರಾಶಿ ಸಿಗುತ್ತವೆ. ಚೆನ್ನಾಗಿ ತೊಳೆದು, ಇಪ್ಪತ್ತು ನಿಮಿಷ ನೀರಿನಲ್ಲಿ ನೆನೆಸಿ, ಹೊರಗಿನ ನೀರನ್ನು ಬಟ್ಟೆಯಿಂದ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಕ್ಕರೆಯ ಮೇಲಿಡಿ. ಮಣ್ಣು ಕುಡಿದ ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಒಣಗಿದಾಗ ಮತ್ತೆ ನೆನೆಸಿದರಾಯಿತು. ಮುಚ್ಚಳ ಸಡಿಲವಾಗಿದ್ದರೆ ಮಾತ್ರ ಈ ಹಣತೆಯ ಶ್ರಮವೆಲ್ಲ ವ್ಯರ್ಥ.

ಹಣತೆ ಇಲ್ಲವೇ? ಒಂದು ಹೋಳು ಸೇಬನ್ನು ರಾತ್ರಿಯಿಡೀ ಇಟ್ಟು ಬೆಳಿಗ್ಗೆ ತೆಗೆಯಿರಿ. ಮರೆತರೆ ಬೂಸಲು ಹಿಡಿಯುತ್ತದೆ. ಅವಸರವಿದ್ದರೆ ಬಟ್ಟಲಿಗೆ ಒದ್ದೆ ಬಟ್ಟೆ ಮುಚ್ಚಿ ಮೈಕ್ರೋವೇವಿನಲ್ಲಿ ಇಪ್ಪತ್ತು ಮೂವತ್ತು ಸೆಕೆಂಡು. ಆರಿದರೆ ಮತ್ತೆ ಕಲ್ಲು, ಕೂಡಲೇ ಬಳಸಬೇಕು. ಫ್ರಿಜ್ಜಿನ ಒಣ ತಂಪು ಇದಕ್ಕೆ ಆಗದು. ವರ್ಷಗಟ್ಟಲೆ ಇಡಲು ಕೆಲವರು ಆಮ್ಲಜನಕ ಹೀರುವ ಪೊಟ್ಟಣ ಹಾಕುತ್ತಾರೆ. ಅದರಿಂದಲೂ ಸಕ್ಕರೆ ಗಟ್ಟಿಯಾಗುತ್ತದೆ.

ನನ್ನ ಹೆಂಟೆ ಎರಡು ದಿನಕ್ಕೆ ಸಡಿಲವಾಯಿತು. ಸಿಲಿಕಾ ಪೊಟ್ಟಣ ಈಗ ಹೊಲಿಗೆ ಸೂಜಿಗಳ ಡಬ್ಬಿಯಲ್ಲಿದೆ. ನಮಸ್ಕಾರ.