ಲಯೋಲ್, ಓಪಿನೆಲ್: ಫ್ರಾನ್ಸಿನ ಮಡಚುವ ಚಾಕುಗಳನ್ನು ಕೊಳ್ಳುವಾಗ

ಕೇಳುಗರಿಗೆ ನಮಸ್ಕಾರ.

ಫ್ರಾನ್ಸಿನ ಹಳೆಯ ಮಡಚುವ ಚಾಕುಗಳನ್ನು ಸಂಗ್ರಹಿಸುವವರು ಮೊದಲು ಕೈಹಾಕುವುದು ಸಾಮಾನ್ಯವಾಗಿ ಲಯೋಲ್ ಎಂಬ ಊರಿನ ಹೆಸರು ಹೊತ್ತ ಚಾಕುವಿಗೆ. ಬರಹದಲ್ಲಿ ನಡುವೆ ‘ಜಿ’ ಅಕ್ಷರವಿದೆ, ಆದರೆ ಆ ಊರಿನವರ ಬಾಯಲ್ಲಿ ಅದು ಲಯೋಲ್. ಓಬ್ರಾಕ್ ಪ್ರಸ್ಥಭೂಮಿಯ ದನಗಾಹಿಗಳ ಈ ಚಾಕು 19ನೆಯ ಶತಮಾನದ್ದು. ಹಿಡಿಗೆ ದನದ ಕೊಂಬು, ಸ್ಪ್ರಿಂಗಿನ ತಲೆಯ ಮೇಲೊಂದು ಜೇನುನೊಣ.

ಅಲಗಿನ ಮೇಲೆ ಲಯೋಲ್ ಎಂದು ಕೊರೆದಿದ್ದರೆ ಅದು ಅಲ್ಲೇ ತಯಾರಾದದ್ದು ಎಂದು ನಂಬಬೇಡಿ. ಅದು ಮಾದರಿಯ ಹೆಸರು. 20ನೆಯ ಶತಮಾನದಲ್ಲಿ ಇವು ಹೆಚ್ಚಾಗಿ ತಯಾರಾದದ್ದು ತಿಯೇರ್ ಪಟ್ಟಣದಲ್ಲಿ. ಲಯೋಲ್‌ನಲ್ಲಿ ಕುಲುಮೆ ಮತ್ತೆ ಹೊತ್ತಿದ್ದು 1987ರಲ್ಲಿ. ಹಾಗಾಗಿ ತಿಯೇರ್‌ನದು ನಕಲಿ ಅಲ್ಲ. ಆದರೆ ಅದೇ ಹೆಸರು ಹೊತ್ತ ಅಗ್ಗದ ಮಾಲು ಏಷ್ಯಾದಿಂದಲೂ ಬರುತ್ತದೆ. ಹೆಸರು ಬಿಡಿ, ಕೆಲಸ ನೋಡಿ.

ಚಾಕು ಮಡಚಿ ಬೆನ್ನು ಕೆಳಗೆ ಮಾಡಿ, ಸೀಳಿನೊಳಗೆ ಇಣುಕಿ. ಅಲಗು ಎರಡು ಪಕ್ಕಗಳ ನಟ್ಟನಡುವೆ ಕೂತಿರಬೇಕು; ಒಂದು ಕಡೆಗೆ ಉಜ್ಜಿದ ಗೀರು ಕಂಡರೆ ಕೀಲು ವಾಲಿದೆ. ಬಿಡಿಸಿ, ತುದಿ ಹಿಡಿದು ಎಡಬಲಕ್ಕೆ ಮೆಲ್ಲಗೆ ಒತ್ತಿ: ಅಲ್ಲಾಡಬಾರದು. ಮೊಳೆಗಳು ಬೆರಳಿಗೆ ತಗಲದಂತೆ ಕೊಂಬಿನ ಮಟ್ಟಕ್ಕೇ ಇರಬೇಕು. ಆಮೇಲೆ ಅಲಗಿನ ಬಾಯಿಯ, ಅಂದರೆ ಹರಿತ ಅಂಚಿನ, ನಡುಭಾಗ ನೋಡಿ. ಅಲ್ಲೊಂದು ಸಣ್ಣ ಹಲ್ಲು ಮುಕ್ಕಾಗಿದ್ದರೆ, ಹಿಂದಿನವರು ಚಾಕುವನ್ನು ಟಪ್ಪೆಂದು ಮುಚ್ಚುತ್ತಿದ್ದರೆಂದೇ ತಿಳಿಯಿರಿ. ಸ್ಪ್ರಿಂಗಿನ ಬಲಕ್ಕೆ ಅಲಗು ಒಳಗೆ ಬಡಿದು ಬಾಯಿ ಕೆಡುತ್ತದೆ. ಬೆರಳು ಬಾಯಿಗೆ ಸಿಗದಂತೆ ಅಲಗಿನ ಬೆನ್ನು ಹಿಡಿದು, ಕೊನೆಯವರೆಗೂ ಕೈಬಿಡದೆ ಮುಚ್ಚಬೇಕು.

ಓಪಿನೆಲ್ ವಿಷಯ ಬೇರೆ. ಸವೊಯ್ ಪ್ರಾಂತದ ಜೋಸೆಫ್ ಓಪಿನೆಲ್ 1890ರಲ್ಲಿ ರೂಪಿಸಿದ ಈ ಚಾಕುವಿಗೆ ಸ್ಪ್ರಿಂಗೇ ಇಲ್ಲ. ಅಲಗು ಮರದ ಸೀಳಿನ ಬಿಗಿಯಲ್ಲೇ ನಿಲ್ಲುತ್ತದೆ. ಅಲಗನ್ನು ತಡೆದು ಹಿಡಿಯುವ ತಿರುಗುವ ಬಳೆ ಬಂದದ್ದು 1955ರಲ್ಲಿ. ಓಪಿನೆಲ್‌ನಲ್ಲಿ ನಂಬರು ಎಂದರೆ ಚಾಕುವಿನ ಅಳತೆ. ಹಾಗಾಗಿ ಬಳೆ ಇಲ್ಲದ 8ನೆಯ ನಂಬರು ಸಿಕ್ಕರೆ ಹಳೆಯದಿರಬಹುದು. ಆದರೆ 2ರಿಂದ 5ರವರೆಗಿನ ಪುಟ್ಟ ಚಾಕುಗಳಿಗೆ ಇಂದಿಗೂ ಆ ಬಳೆಯಿಲ್ಲ. ಅವನ್ನು ‘ಬಳೆಯ ಕಾಲಕ್ಕೆ ಮುಂಚಿನದು’ ಎಂದು ದುಬಾರಿಗೆ ಕೊಳ್ಳಬೇಡಿ.

ಮಳೆಗಾಲದಲ್ಲಿ ಓಪಿನೆಲ್ ಹಿಡಿಯ ಬೀಚ್ ಮರ ಉಬ್ಬಿ ಅಲಗು ಸಿಕ್ಕಿಕೊಳ್ಳುತ್ತದೆ. ಇಕ್ಕಳ ಹಾಕಿ ಎಳೆಯಬೇಡಿ. ಬಳೆ ಸಡಿಲಿಸಿ, ಹಿಡಿಯ ಹಿಂಬದಿಯನ್ನು ಮರದ ಮೇಜಿಗೆ ತಟ್ಟಿದರೆ ಅಲಗು ತಾನೇ ತುಸು ಹೊರಬರುತ್ತದೆ. ಬಾರದಿದ್ದರೆ ನಾಲ್ಕು ದಿನ ಒಣ ಜಾಗದಲ್ಲಿಡಿ, ಬಿಸಿಲಿಗೆ ಬೇಡ. ಬಿಸಿಲಿಗೆ ಹಿಡಿ ಸೀಳೀತು.

ಕಾರ್ಬನ್ ಉಕ್ಕಿನ ಅಲಗು ಹಣ್ಣು ಕೊಯ್ದು ಬೂದುನೀಲಿ ಬಣ್ಣಕ್ಕೆ ತಿರುಗಿದರೆ ಅದು ಕಲೆಯಲ್ಲ, ಕಾಪು. ಅದನ್ನು ಉಜ್ಜಿ ತೆಗೆದರೆ ಅಲಗಿನ ಮೇಲೆ ಕೊರೆದ ಮುದ್ರೆಯ ಗೆರೆಗಳೂ ಸವೆಯುತ್ತವೆ. ಕೆಂಪು ತುಕ್ಕನ್ನು ಮಾತ್ರ ಎಣ್ಣೆ ಹಚ್ಚಿದ ಬಟ್ಟೆಯಿಂದ ತೆಗೆಯಿರಿ. ಕೀಲಿಗೆ ಒಂದೇ ತೊಟ್ಟು ಎಣ್ಣೆ ಸಾಕು. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿದು ಅಲಗಿಗೆ ತುಕ್ಕು ತರುತ್ತದೆ. ಕೊಂಬಿನ ಹಿಡಿಯನ್ನು ತಿಂಗಳಿಗೊಮ್ಮೆ ಬೆಳಕಿಗೆ ಹಿಡಿದು ನೋಡಿ. ಸಣ್ಣ ತೂತು, ಅದರ ಕೆಳಗೆ ಪುಡಿ ಕಂಡರೆ ಹುಳು ಬಿದ್ದಿದೆ, ಆ ಚಾಕುವನ್ನು ಅಂದೇ ಉಳಿದವುಗಳಿಂದ ಬೇರೆ ಇಡಿ.